ಹಗ್ಗ ಸುತ್ತದ ಲಂಗರು

ನಾನೊಂದು ತೋಳುಪಟ್ಟಿ. ಅಂಗೈಯಗಲದ ಕಡುನೀಲಿ ಬಟ್ಟೆ, ಅದರ ಮೇಲೆ ಹಳದಿ ದಾರದಲ್ಲಿ ಒಂದು ಲಂಗರು, ಲಂಗರಿನ ಕೆಳಗೆ ಒಂದು ಕಂದೀಲು, ಕಟ್ಟಿಕೊಳ್ಳಲು ಎರಡು ಲಾಡಿ. ನನ್ನ ಆಸ್ತಿ ಇಷ್ಟೇ. ನೌಕಾಪಡೆಯ ಕಾಗದಪತ್ರದಲ್ಲಿ ನನ್ನ ಬಗ್ಗೆ ಎರಡು ಮಾತು ಬರೆದಿದ್ದಾರೆ. ಒಂದು, ‘ನಿಯಮಬಾಹಿರ’. ಇನ್ನೊಂದು, ‘ಸಮುದ್ರದಲ್ಲಿ ಕಳೆದುಹೋಗಿದೆ’. ಮೊದಲನೆಯದು ನಿಜ, ಎರಡನೆಯದು ಹಸಿ ಸುಳ್ಳು. ಎರಡಕ್ಕೂ ನನಗೆ ನಾಚಿಕೆಯಿಲ್ಲ.

ನಾನು ಹುಟ್ಟಿದ್ದು ಸಾವಿರದ ಒಂಬೈನೂರ ಎಪ್ಪತ್ತೊಂದರ ನವೆಂಬರಿನಲ್ಲಿ, ಕಾರವಾರದಿಂದ ದಕ್ಷಿಣಕ್ಕೆ ಅರ್ಧ ದಿನದ ದೋಣಿ ದಾರಿಯಲ್ಲಿರುವ ಅಳಿವೆಕೇರಿ ಎಂಬ ಸಣ್ಣ ಬಂದರಿನಲ್ಲಿ. ಆಗ ರೇಡಿಯೊ ತಿರುಗಿಸಿದರೆ ಯುದ್ಧದ ಮಾತೇ. ಸರಕು ಹಡಗುಗಳು ದೊಡ್ಡ ಬಂದರುಗಳನ್ನು ಬಿಟ್ಟು ಇಂಥ ಸಣ್ಣ ಮೂಲೆಗಳಲ್ಲಿ ತಲೆಮರೆಸಿಕೊಳ್ಳುತ್ತಿದ್ದವು. ಅವುಗಳ ಕಾವಲಿಗೆಂದು ನೌಕಾಪಡೆ ಒಂದು ಲಾಂಚು, ಒಂದು ರೇಡಿಯೊ ಪೆಟ್ಟಿಗೆ, ನಾಲ್ವರು ನಾವಿಕರು, ಅವರ ಮೇಲೆ ಬಸಲಿಂಗಪ್ಪ ಮೇಟಿ ಎಂಬ ಪೆಟಿ ಆಫೀಸರನ್ನು ಕಳಿಸಿತು. ಮೇಟಿ ಬಾಗಲಕೋಟೆ ಕಡೆಯವನು. ನೌಕಾಪಡೆ ಸೇರುವ ತನಕ ಆತ ನೋಡಿದ್ದ ಅತಿ ದೊಡ್ಡ ನೀರೆಂದರೆ ಘಟಪ್ರಭೆ.

ಅಳಿವೆಕೇರಿಯ ಬಾಯಲ್ಲಿ ಮರಳದಿಬ್ಬವಿದೆ. ಅದು ತಿಂಗಳಿಗೊಮ್ಮೆ ಜಾಗ ಬದಲಿಸುತ್ತದೆ. ಇವತ್ತು ದೋಣಿ ಹೋದ ದಾರಿಯಲ್ಲಿ ನಾಳೆ ಆಡು ಮೇಯಬಹುದು. ಅದರ ಗುಟ್ಟು ಗೊತ್ತಿದ್ದದ್ದು ಮೀನು ಹಿಡಿಯುವ ಹರಿಕಂತ್ರರ ಕೇರಿಯ ತಾಂಡೇಲರಿಗೆ ಮಾತ್ರ. ತಾಂಡೇಲ ಎಂದರೆ ದೋಣಿಯ ಯಜಮಾನ. ಚುಕ್ಕಾಣಿಯೂ ಅವನದೇ, ಬೈಗುಳವೂ ಅವನದೇ. ಹಾಗಾಗಿ ಹನ್ನೆರಡು ತಾಂಡೇಲರನ್ನೂ ಅವರ ದೋಣಿಗಳನ್ನೂ ಸೇರಿಸಿ ‘ಬಂದರು ಕಾವಲು’ ಎಂದು ಒಂದು ಪಡೆ ಕಟ್ಟಿದರು. ಪರಕೀಯ ದೋಣಿ ಕಂಡರೆ ತಡೆಯಬೇಕು, ಹಡಗು ಬಂದರೆ ಮುಂದೆ ನಿಂತು ದಿಬ್ಬ ದಾಟಿಸಬೇಕು. ಗುಡ್ಡದ ಮೇಲೆ ಬಂದೂಕಿನ ಠಾಣೆ ಕೂತಿತು. ತೋಳುಪಟ್ಟಿ ಕಾಣದ ದೋಣಿಯ ಮೇಲೆ ಗುಂಡು ಹಾರಿಸಬೇಕೆಂಬುದು ಠಾಣೆಯವರಿಗೆ ಅಪ್ಪಣೆ. ಅದು ಬಾಯಿಮಾತಾಗಿರಲಿಲ್ಲ. ಏಡಿ ಹಿಡಿಯಲು ಹೋದ ಮುದುಕನೊಬ್ಬನ ಪಾತಿದೋಣಿಗೆ ಮೊದಲ ವಾರವೇ ತೂತು ಬಿತ್ತು. ಮುದುಕ ಈಜಿ ಬಂದ, ದೋಣಿ ಬರಲಿಲ್ಲ.

ಪಟ್ಟಿಗಳನ್ನು ಊರಲ್ಲೇ ಹೊಲಿಸಿಕೊಳ್ಳಿ ಎಂದು ಮೇಲಿನವರು ಒಂದು ಚಿತ್ರ ಮಾತ್ರ ಕಳಿಸಿದ್ದರು. ಬಟ್ಟೆ ಕಳಿಸಿರಲಿಲ್ಲ. ಮೇಟಿ ಹುಡುಕಿ ಹುಡುಕಿ ಸೋತು, ಬಂದರು ಕಚೇರಿಯ ಮೇಜಿನ ಮೇಲೆ ಹಾಸಿದ್ದ ನೀಲಿ ಉಣ್ಣೆಬಟ್ಟೆಯನ್ನೇ ಎಳೆದುಕೊಂಡು ಬಂದ. ನನ್ನ ಬಲ ಮೂಲೆಯಲ್ಲಿರುವ ಶಾಯಿಯ ಕಲೆ ಆ ಮೇಜಿನ ನೆನಪು. ಅದನ್ನು ನಾನು ಹುಟ್ಟುಮಚ್ಚೆ ಎಂದು ತಿಳಿದುಕೊಂಡಿದ್ದೇನೆ.

ಕೇರಿಯಲ್ಲಿ ಹೊಲಿಗೆಯಂತ್ರ ಇದ್ದದ್ದು ಪದ್ದಕ್ಕನ ಮನೆಯಲ್ಲಿ. ಪದ್ಮಾವತಿ ಹರಿಕಂತ್ರ, ತಾಂಡೇಲ ಹಮ್ಮುವಿನ ಹೆಂಡತಿ. ವಯಸ್ಸು ಇಪ್ಪತ್ತೆಂಟು, ನಾಲಿಗೆಗೆ ಮಾತ್ರ ಎಂಬತ್ತು. ಬಲೆ ಹೆಣೆಯುವ ಕೈಯಲ್ಲೇ ಅವಳು ಕಸೂತಿಯನ್ನೂ ಹಾಕುತ್ತಿದ್ದಳು. ಮೇಟಿ ಕೊಟ್ಟ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದವಳೇ ಹಾವು ಕಂಡವಳಂತೆ ಕೆಳಗಿಟ್ಟಳು.

“ಇದೆಂತಾ ಚಿತ್ರ ಮಾರಾಯ್ರೇ? ಲಂಗರಿಗೆ ಹಗ್ಗ ಸುತ್ಕಂಡದೆ! ಇದ್ನ ಬರ್ದವ ಕಡಲು ಕಂಡವನೇ ಅಲ್ಲ.”

“ಅಕ್ಕಾರ, ಇದು ನಾ ಬರದದ್ದಲ್ಲರಿ. ಇಡೀ ನೌಕಾಪಡೆದಾಗ ಲಂಗರಾ ಅಂದ್ರ ಹಿಂಗs ಇರತೈತಿ. ನೋಡ್ರಿ, ನನ್ನ ಟೊಪ್ಪಿಗಿ ಮ್ಯಾಲೂ ಐತಿ.”

ಪದ್ದಕ್ಕ ಅವನ ಟೊಪ್ಪಿಗೆಯನ್ನೂ ನೋಡಿದಳು, ಅವನ ಮುಖವನ್ನೂ ನೋಡಿದಳು. ಪಾಪ ಎನ್ನುವಂತೆ ತಲೆಯಾಡಿಸಿದಳು.

ಇಲ್ಲಿ ಕೇರಿಯ ಒಂದು ಕಟ್ಟಳೆಯನ್ನು ಹೇಳಲೇಬೇಕು. ಲಂಗರಿಗೆ ಅದರ ಹಗ್ಗವೇ ಸುತ್ತಿಕೊಂಡರೆ ಅದು ನೆಲ ಕಚ್ಚುವುದಿಲ್ಲ, ದೋಣಿ ಗಾಳಿಯ ಪಾಲು. ಹಾಗೆ ಸುತ್ತಿಸಿಕೊಂಡ ತಾಂಡೇಲ ಆ ಹಂಗಾಮು ಪೂರ್ತಿ ದಡದ ಮೇಲಿನ ಕೂಟದಲ್ಲಿ ತಾನಾಗಿ ಬಾಯಿ ತೆರೆಯುವಂತಿಲ್ಲ. ಯಾರಾದರೂ ಕೇಳಿದರೆ ಉತ್ತರ ಕೊಡಬಹುದು, ಅಷ್ಟೇ. ಜಟ್ಟಿ ತಾಂಡೇಲ ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ಹೀಗೆ ಮೂಕನಾಗಿದ್ದು, ಮಗಳ ಮದುವೆ ಮಾತುಕತೆಯಲ್ಲಿಯೂ ಯಾರಾದರೂ ಪ್ರಶ್ನೆ ಕೇಳಲೆಂದು ಕಾದು ಕೂತಿದ್ದನಂತೆ. ಇಂಥ ಕೇರಿಯ ಗಂಡಸರ ತೋಳಿಗೆ ಹಗ್ಗ ಸುತ್ತಿದ ಲಂಗರನ್ನು ಕಟ್ಟುವುದೆಂದರೆ ಹಣೆಯ ಮೇಲೆ ‘ದಡ್ಡ’ ಎಂದು ಬರೆದ ಹಾಗೆ.

ಆದ್ದರಿಂದ ಪದ್ದಕ್ಕ ಚಿತ್ರವನ್ನು ತಿದ್ದಿದಳು. ಯಾರನ್ನೂ ಕೇಳಲಿಲ್ಲ. ಲಂಗರಿನ ಮೈಮೇಲೆ ಹಾವಿನಂತೆ ಹರಿದಿದ್ದ ಹಗ್ಗವನ್ನು ಬಿಡಿಸಿ, ಮೇಲಿನ ಬಳೆಗೆ ಕೇರಿಯವರು ಹಾಕುವ ಗಂಟನ್ನೇ ಹಾಕಿ, ಹಗ್ಗ ನೆಟ್ಟಗೆ ಮೇಲಕ್ಕೆ ಹೋಗುವಂತೆ ಕಸೂತಿ ಹಾಕಿದಳು. ಹನ್ನೆರಡು ಪಟ್ಟಿಗೂ ಅದೇ ಗಂಟು. ಹನ್ನೆರಡನೆಯವನು ನಾನು. ದಾರ ಮುಗಿಯುತ್ತ ಬಂದಿದ್ದರಿಂದ ನನ್ನ ಕಂದೀಲು ಸ್ವಲ್ಪ ಬಡಕಲು. ಮೇಟಿ ಪಟ್ಟಿಗಳನ್ನು ಎಣಿಸಿಕೊಂಡ, ಸರಿಯಾಗಿ ನೋಡಲಿಲ್ಲ. ಅವನಿಗೆ ಆ ವಾರ ನೋಡಬೇಕಾದ ಬೇರೆ ವಿಷಯಗಳು ಬಹಳ ಇದ್ದವು.

ನನ್ನನ್ನು ಹಮ್ಮು ಕಟ್ಟಿಕೊಂಡ. ಅವನ ತೋಳು ತೆಂಗಿನ ಬುಡದಷ್ಟು ಗಟ್ಟಿ, ಉಪ್ಪಿನ ವಾಸನೆ. ಅವನು ಹುಟ್ಟು ಹಾಕುವಾಗ ನಾನು ಉಬ್ಬುತ್ತಿದ್ದೆ, ಬಿಡುವಾಗ ಸಡಿಲವಾಗುತ್ತಿದ್ದೆ. ಮೂರು ವಾರದಲ್ಲಿ ಹದಿನೇಳು ಹಡಗುಗಳನ್ನು ದಿಬ್ಬ ದಾಟಿಸಿದೆವು. ಒಂದರ ತಳವೂ ಮರಳಿಗೆ ತಾಗಲಿಲ್ಲ. ದೋಣಿಗಳು ಎದುರುಬದುರಾದಾಗ ತಾಂಡೇಲರು ತೋಳೆತ್ತಿ ನಮ್ಮನ್ನು ತೋರಿಸಿಕೊಳ್ಳುತ್ತಿದ್ದರು. ಹನ್ನೊಂದು ಅಣ್ಣಂದಿರನ್ನು ನೀರಿನ ಮೇಲೆ ನೋಡುವಾಗ ನನಗಾಗುತ್ತಿದ್ದ ಹೆಮ್ಮೆಯನ್ನು ಹೇಗೆ ಹೇಳಲಿ! ಮೇಜಿನ ಬಟ್ಟೆಯಾಗಿದ್ದರೆ ಬರೀ ಚಹಾ ಲೋಟದ ತಳ ನೋಡುತ್ತಿದ್ದೆ.

ಡಿಸೆಂಬರ್ ಮೂರಕ್ಕೆ ಯುದ್ಧ ಶುರುವಾಯಿತು. ಐದಾರು ದಿನ ಕಳೆದ ಮೇಲೆ ತಪಾಸಣೆಗೆಂದು ದೊಡ್ಡ ಸಾಹೇಬರು ಬಂದರು. ಅವರ ಹೆಸರು ಕೇರಿಯವರ ಬಾಯಲ್ಲಿ ನಿಲ್ಲದೆ ‘ದೊಡ್ಡ ಸಾಹೇಬ್ರು’ ಎಂದೇ ಉಳಿಯಿತು. ಹನ್ನೆರಡು ತಾಂಡೇಲರು ಮರಳಿನ ಮೇಲೆ ಸಾಲಾಗಿ ನಿಂತರು. ಸಾಹೇಬರು ಮೊದಲನೆಯವನ ತೋಳು ನೋಡಿದರು, ಎರಡನೆಯವನದನ್ನು ನೋಡಿದರು, ಕೊನೆಗೆ ನನ್ನೆದುರು ಬಂದು ಕನ್ನಡಕ ತೆಗೆದರು.

ಅವರು ಮೇಟಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮೇಟಿ ಬೆವರು ಒರೆಸಿಕೊಳ್ಳುತ್ತ ಕನ್ನಡಕ್ಕೆ ತಂದ. ಈ ಲಾಂಛನ ತಪ್ಪು. ತಪ್ಪು ಲಾಂಛನ ಕಟ್ಟಿದವನು ಯುದ್ಧಕಾಲದಲ್ಲಿ ಯಾರೂ ಅಲ್ಲ. ಸರಿಯಾದದ್ದು ಬೊಂಬಾಯಿಯಿಂದ ಬರುವವರೆಗೆ ಹಳೆಯದನ್ನೆಲ್ಲ ಬಿಚ್ಚಿ ಕೊಡಬೇಕು. ಅಲ್ಲಿಯವರೆಗೆ ಒಂದು ದೋಣಿಯೂ ನೀರಿಗಿಳಿಯುವಂತಿಲ್ಲ.

ಮೇಟಿ ಕೆಟ್ಟವನಲ್ಲ. ಸಂಜೆಯೇ ಪದ್ದಕ್ಕನ ಮನೆಗೆ ಓಡಿ ಬಂದ.

“ಅಕ್ಕಾರ, ನಿಮ್ಮ ಕಾಲಿಗೆ ಬೀಳತೇನ್ರಿ. ಎರಡು ಸುತ್ತು ಹಗ್ಗ ಹೊಲದುಬಿಡ್ರಿ. ಒಂದು ತಾಸಿನ ಕೆಲಸ. ಅದರಾಗ ಏನ ಹೋಕ್ಕೈತಿ?”

“ಹೋದ್ರೆ ನಿಮ್ದು ಹೋಗೂದಿಲ್ಲ, ನನ್ನ ಗಂಡಂದು ಹೋತದೆ. ಮೇಟಿಯೋರೆ, ನಿಮ್ಮ ಸಾಹೇಬ್ರಿಗೆ ಹೇಳಿ. ಸೂಜಿ ನಂದು, ಕಣ್ಣು ನಂದು. ನಾನು ಸುತ್ತೂದಿಲ್ಲ.”

ಹಮ್ಮು ಜಗಲಿಯ ಮೇಲೆ ಬಲೆ ಬಿಡಿಸುತ್ತಿದ್ದವನು ತಲೆಯೆತ್ತದೆಯೇ ಹೇಳಿದ, “ಅವ್ಳು ಹೊಲ್ದ್ರೂ ನಾ ಕಟ್ಟೂದಿಲ್ಲ. ಉಳ್ದ ಹನ್ನೊಂದು ಜನ್ರನ್ನೂ ಕೇಳಿ, ಅವ್ರೂ ಇದ್ನೇ ಹೇಳ್ತ್ರು.”

ಹಾಗೇ ಆಯಿತು. ತಾಂಡೇಲರು ಪಟ್ಟಿ ಬಿಚ್ಚಿ ಕೊಟ್ಟರು, ದೋಣಿಗಳನ್ನು ದಡಕ್ಕೆಳೆದರು, ಅವುಗಳ ನೆರಳಲ್ಲಿ ಕೈಕಟ್ಟಿ ಕೂತರು. ಕೂತು ಹಟ ಸಾಧಿಸುವುದು ಈ ಕರಾವಳಿಗೆ ಹೊಸದಲ್ಲ. ಅವರ ಅಪ್ಪಂದಿರು ಉಪ್ಪಿನ ಸತ್ಯಾಗ್ರಹದಲ್ಲಿ ಹೀಗೇ ಕೂತವರು. ಮೇಟಿ ಹನ್ನೊಂದು ಪಟ್ಟಿಗಳನ್ನು ತಗಡಿನ ಡಬ್ಬಿಗೆ ಹಾಕಿ ಬೀಗ ಜಡಿದ. ಹನ್ನೆರಡನೆಯದು ಎಲ್ಲಿ ಎಂದು ಕೇಳಿದಾಗ ಪದ್ದಕ್ಕ, “ಮೀನು ನೀರು ಚೆಲ್ಲಿ ನಾತ ಬಂದದೆ, ತೊಳ್ದು ಹಾಕಿದೆ, ಒಣಗ್ಲಿ” ಅಂದಳು. ನಾನು ಆಗ ಒಣಗಿಯೇ ಅವಳ ಬಲೆಬುಟ್ಟಿಯ ತಳದಲ್ಲಿ ಬೆಚ್ಚಗೆ ಮಲಗಿದ್ದೆ.

ಮಾರನೆಯ ದಿನ ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ದೊಡ್ಡ ಸಾಹೇಬರು ಲಾಂಚು ಹತ್ತಿದರು. ಕಳಿಸಿಕೊಡಲೆಂದು ಮೇಟಿಯೂ ಹತ್ತಿದ. ಡಬ್ಬಿಯ ಕೀಲಿ ಅವನ ಕಿಸೆಯಲ್ಲಿತ್ತು. ಪ್ರತಿ ಸಲ ಲಾಂಚಿನ ಮುಂದೆ ನಮ್ಮ ಒಂದು ದೋಣಿ ದಾರಿ ತೋರಿಸುತ್ತ ಹೋಗುತ್ತಿತ್ತು. ಆ ದಿನ ಯಾವ ದೋಣಿಯೂ ಇರಲಿಲ್ಲ, ಸಾಹೇಬರ ಅಪ್ಪಣೆಯಂತೆ.

ಇಳಿತದ ನೀರು ಜೋರಾಗಿ ಹೊರಕ್ಕೆ ಹರಿಯುತ್ತಿತ್ತು. ಲಾಂಚು ಅಳಿವೆಯ ಬಾಯಿಗೆ ಹೋಗುತ್ತಲೇ ತಳ ಮರಳಿಗೆ ತಾಗಿ ಯಂತ್ರ ನಿಂತಿತು. ನೀರು ಅದನ್ನು ಬಂಡೆಗಳ ಕಡೆಗೆ ತಳ್ಳತೊಡಗಿದಾಗ ನಾವಿಕರು ಗಾಬರಿಯಿಂದ ಲಂಗರು ಬಿಟ್ಟರು. ಆ ಜಾಗದಲ್ಲಿ, ರಾತ್ರಿ ಮೇಲೆತ್ತಿ ಶತ್ರು ದೋಣಿಗಳನ್ನು ತಡೆಯಲೆಂದು ನೌಕಾಪಡೆಯವರೇ ತಳದಲ್ಲಿ ಉಕ್ಕಿನ ದಪ್ಪ ಹಗ್ಗ ಹಾಸಿದ್ದರು. ಲಂಗರು ನೇರ ಹೋಗಿ ಅದಕ್ಕೇ ಸಿಕ್ಕಿಕೊಂಡಿತು. ಅದರ ಸರಪಳಿ ಬಿಗಿದು, ಲಾಂಚಿನ ಮೂತಿ ಕೆಳಕ್ಕೆ ಜಗ್ಗಿ, ಅಲೆ ಅದರ ಮೇಲೇ ಹತ್ತತೊಡಗಿತು. ಒಳಗೆ ಆರು ಜನ. ಎಲ್ಲರೂ ಒಂದೇ ಬದಿಗೆ ಜೋತುಬಿದ್ದಿದ್ದರು.

ದಡದಲ್ಲಿ ಕೂತಿದ್ದ ಹನ್ನೆರಡು ಜನ ಒಟ್ಟಿಗೆ ಎದ್ದರು. ಜಟ್ಟಿ ತಾಂಡೇಲ ಮೊದಲು ನೋಡಿದ್ದು ಲಾಂಚನ್ನಲ್ಲ, ಗುಡ್ಡವನ್ನು. ಅಲ್ಲಿ ಬಂದೂಕಿನ ನಳಿಕೆ ಬಿಸಿಲಿಗೆ ಹೊಳೆಯುತ್ತಿತ್ತು. ಕೂಗಿದರೆ ಕೇಳದಷ್ಟು ದೂರ. ಪಟ್ಟಿಯಿಲ್ಲದ ದೋಣಿ ಇಳಿದರೆ ಏನಾಗುತ್ತದೆಂದು ಏಡಿ ಹಿಡಿಯುವ ಮುದುಕನನ್ನು ಕೇಳಬೇಕಿರಲಿಲ್ಲ.

“ಪಟ್ಟಿ ಎಲ್ಲಾ ಡಬ್ಬಿಲಿ, ಕೀಲಿ ಅಲ್ಲಿ” ಎಂದು ಹಮ್ಮು ಲಾಂಚಿನತ್ತ ಕೈ ಮಾಡಿದ.

ಪದ್ದಕ್ಕ ಬಲೆಬುಟ್ಟಿಯನ್ನು ಮರಳಿನ ಮೇಲೆ ಬೋರಲು ಹಾಕಿದಳು. ನಾನು ಹೊರಗೆ ಬಿದ್ದೆ. “ಒಂದದೆ” ಅಂದಳು.

ಒಂದು ಪಟ್ಟಿಗೆ ಒಂದು ದೋಣಿ. ಆದ್ದರಿಂದ ಹನ್ನೆರಡು ತಾಂಡೇಲರೂ ಹಮ್ಮುವಿನ ಒಂದೇ ದೋಣಿಗೆ ಹತ್ತಿದರು. ಇಬ್ಬರು ತಾಂಡೇಲರಿದ್ದರೆ ದೋಣಿ ಎರಡು ಕಡೆ ಹೋಗುತ್ತದೆ ಎನ್ನುತ್ತಾರೆ ಕೇರಿಯಲ್ಲಿ. ಇಲ್ಲಿ ಹನ್ನೆರಡು ಜನ! ಮೊದಲ ಐವತ್ತು ಮಾರು ಬರೀ ಅಪ್ಪಣೆಗಳೇ. ಎಡಕ್ಕೆ ಹಾಕು, ಬಲಕ್ಕೆ ಹಾಕು, ನಿನ್ನಪ್ಪ ಹುಟ್ಟು ಹಿಡಿದಿದ್ದನಾ, ಹೀಗೆ. ಕೊನೆಗೆ ಹಮ್ಮು ನನ್ನನ್ನು ಒಂದು ಹುಟ್ಟಿನ ತುದಿಗೆ ಕಟ್ಟಿ ಮೇಲೆತ್ತಿ, “ಪಟ್ಟಿ ಕಟ್ಟಿದವ ನಾನು. ಬಾಯಿ ಮುಚ್ಚಿ!” ಎಂದು ಗದರಿದ ಮೇಲೆ ದೋಣಿ ನೆಟ್ಟಗೆ ಹೋಯಿತು.

ನಾನು ಗಾಳಿಯಲ್ಲಿ ಪಟಪಟ ಹೊಡೆದುಕೊಳ್ಳುತ್ತ ಗುಡ್ಡದ ಕಡೆ ಮುಖ ಮಾಡಿ ನಿಂತೆ. ನಳಿಕೆ ನಮ್ಮತ್ತ ತಿರುಗಿದ್ದು ಕಂಡಿತು. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ನಾನು ತಪ್ಪು ಲಾಂಛನವೆಂದು ನಿನ್ನೆಯಷ್ಟೇ ಕೇಳಿದ್ದೆನಲ್ಲ! ದುರ್ಬೀನಿನಲ್ಲಿ ನೋಡಿದ ಠಾಣೆಯವನಿಗೆ ಹಗ್ಗ ಸುತ್ತಿದೆಯೋ ನೆಟ್ಟಗಿದೆಯೋ ಕಾಣಲಿಲ್ಲ. ನೀಲಿ ಕಂಡಿತು, ಹಳದಿ ಕಂಡಿತು. ನಳಿಕೆ ಪಕ್ಕಕ್ಕೆ ಸರಿಯಿತು.

ಸಿಕ್ಕಿಬಿದ್ದ ಲಂಗರನ್ನು ಎಳೆದಷ್ಟೂ ಅದು ಬಿಗಿಯುತ್ತದೆ. ಸಾಹೇಬರ ಲಾಂಚು ಅರ್ಧ ಗಂಟೆಯಿಂದ ಅದನ್ನೇ ಮಾಡುತ್ತಿತ್ತು. ನಮ್ಮವರು ನಾರಿನ ಹಗ್ಗದಲ್ಲಿ ದೊಡ್ಡ ಕುಣಿಕೆ ಮಾಡಿ, ಕಲ್ಲು ಕಟ್ಟಿ, ಲಂಗರಿನ ಸರಪಳಿಯ ಸುತ್ತ ಇಳಿಬಿಟ್ಟರು. ಕುಣಿಕೆ ತಳ ಮುಟ್ಟಿ ಲಂಗರಿನ ಬೆನ್ನಿಗೆ ಬಿತ್ತು. ಆಮೇಲೆ ಹನ್ನೊಂದು ಜನ ಲಾಂಚಿಗೆ ಬೆನ್ನು ಹಾಕಿ, ಇಳಿತಕ್ಕೆದುರಾಗಿ ಹುಟ್ಟು ಹಾಕಿದರು. ಲಂಗರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು, ಅದೇ ಉಪಾಯ. ಹಮ್ಮು ದೋಣಿಯ ಹಿಂತುದಿಯಲ್ಲಿ ಕೂತು ಹಗ್ಗ ಹಿಡಿದಿದ್ದ. ಮೂರನೆಯ ಎಳೆತಕ್ಕೆ ಕೆಳಗೆ ಏನೋ ಕಳಚಿದಂತಾಗಿ ಹಗ್ಗ ಸರ್ರನೆ ಓಡಿತು. ಅದರ ಸುತ್ತಿನೊಳಗೆ ಅವನ ಬಲಗೈಯ ಎರಡು ಬೆರಳುಗಳಿದ್ದವು.

ಲಾಂಚು ಮೂತಿಯೆತ್ತಿತು. ಹಮ್ಮು ಎಡಗೈಯಿಂದ ಬಲಗೈ ಹಿಡಿದುಕೊಂಡ. ನನ್ನನ್ನು ಹುಟ್ಟಿನಿಂದ ಬಿಚ್ಚಿ ಅವನ ಕೈಗೆ ಸುತ್ತಿದರು. ನನ್ನ ಹಳದಿ ಲಂಗರು ಅವತ್ತು ಕೆಂಪಾಯಿತು. ಎಷ್ಟು ತೊಳೆದರೂ ಅದರ ಒಂದು ಮಗ್ಗುಲು ಇಂದಿಗೂ ಕಂದು ಬಣ್ಣವೇ.

ನಮ್ಮ ದೋಣಿ ಲಾಂಚನ್ನು ದಡಕ್ಕೆ ಎಳೆದು ತಂದಿತು. ದೊಡ್ಡ ಸಾಹೇಬರು ಒದ್ದೆ ಬಟ್ಟೆಯಲ್ಲಿ ಮರಳ ಮೇಲೆ ಕುಸಿದು ಕೂತರು. ಪದ್ದಕ್ಕ ಗಂಡನ ಕೈಗೆ ಅರಿಸಿನ ಮೆತ್ತಿ ಬಿಗಿದು ಕಟ್ಟಿದಳು. ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ಸಾಹೇಬರಿಗೆ ಬಿಸಿ ಗಂಜಿಯ ಬಟ್ಟಲು ಕೊಟ್ಟು ಎದುರಿಗೆ ನಿಂತಳು.

“ಈಗ ಹೇಳಿ ಸಾಹೇಬ್ರೇ. ಸಿಕ್ಕಿಬಿದ್ದ ಲಂಗರು ಎಂತಾ ಮಾಡ್ತದೆ ಅಂತ ಕಂಡ್ರಲ್ಲ. ಅದ್ನೇ ಇವ್ರ ತೋಳಿಗೆ ಹೊಲೀಬೇಕಾ?”

ಮೇಟಿ ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ತಿರುಗಿಸುವ ಅಗತ್ಯವೂ ಇರಲಿಲ್ಲ. ಸಾಹೇಬರು ಗಂಜಿ ಕುಡಿದು ಮುಗಿಸಿ, ಡಬ್ಬಿಯ ಕೀಲಿಯಿದ್ದ ಮೇಟಿಯ ಕಿಸೆಯ ಕಡೆ ಬೆರಳು ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಅಣ್ಣಂದಿರೂ ಅವರವರ ತೋಳಿಗೆ ಮರಳಿದರು. ಆದರೆ ಸಾಹೇಬರು ಈ ಬಗ್ಗೆ ಒಂದು ಸಾಲನ್ನೂ ಕಾಗದದ ಮೇಲೆ ಬರೆಯಲಿಲ್ಲ. ಬರೆದರೆ ತಮ್ಮ ಅಪ್ಪಣೆಯ ಕಥೆಯನ್ನೂ ಬರೆಯಬೇಕಾಗುತ್ತಿತ್ತಲ್ಲ.

ವಾರದೊಳಗೆ ಯುದ್ಧ ಮುಗಿಯಿತು. ಊರೂರಲ್ಲಿ ಸಿಹಿ ಹಂಚಿದರು. ತಪಾಸಣೆಯ ದಿನವೇ ಬೊಂಬಾಯಿಗೆ ಹೋಗಿದ್ದ ದೂರಿಗೆ ಉತ್ತರವಾಗಿ ಜನವರಿಯಲ್ಲಿ ಮೇಟಿಗೆ ಒಂದು ಕಾಗದ ಬಂತು. ಅಳಿವೆಕೇರಿಯ ನಿಯಮಬಾಹಿರ ಲಾಂಛನ ಹನ್ನೆರಡನ್ನೂ ಹಿಂಪಡೆದು ಸುಟ್ಟು ವರದಿ ಮಾಡತಕ್ಕದ್ದು. ನಿಯಮದ ಲಾಂಛನವಿಲ್ಲದ ಪಡೆಯ ಹೆಸರುಗಳನ್ನು ದಾಖಲಿಸುವ ಕ್ರಮವಿಲ್ಲ.

ಅಂದರೆ ಆ ಹನ್ನೆರಡು ಜನ ಯಾವತ್ತೂ ಇರಲೇ ಇಲ್ಲ. ಹದಿನೇಳು ಹಡಗುಗಳನ್ನು ಯಾರು ದಾಟಿಸಿದರು? ಗಾಳಿ ದಾಟಿಸಿತು. ಎರಡು ಬೆರಳು ಎಲ್ಲಿ ಹೋದವು? ಇಲಿ ತಿಂದಿತು. ಇದನ್ನು ನೆನೆದರೆ ನನ್ನ ದಾರ ಇಂದಿಗೂ ಕುದಿಯುತ್ತದೆ.

ಬಂದರು ಕಚೇರಿಯ ಹಿಂದೆ ಮೇಟಿ ಹನ್ನೊಂದನ್ನು ಸುಟ್ಟ. ಉಣ್ಣೆಬಟ್ಟೆ ಸುಟ್ಟ ವಾಸನೆ ಕೇರಿಯವರೆಗೂ ಬಂತು. ಆಮೇಲೆ ಪದ್ದಕ್ಕನ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತ.

“ಅಕ್ಕಾರ, ಹನ್ನೆರಡನೇದು?”

“ಹಮ್ಮುನ ಬೆರಳಿನ ಸಂಗ್ತಿಗೆ ಕಡಲಿಗೆ ಹೋಯ್ತು ಅಂತ ಬರ್ಕಳಿ.”

ಅವಳ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನನ್ನ ಲಾಡಿ ಹೊರಗೆ ಇಣುಕುತ್ತಿತ್ತು. ಮೇಟಿ ಅದನ್ನು ನೋಡಿದ. ಕಿಸೆಯಿಂದ ಪೆನ್ನು ತೆಗೆದು ಬರೆದುಕೊಂಡ, ಸಹಿ ಹಾಕಿದ, ಹೋದ.

ಮರುದಿನ ಪದ್ದಕ್ಕ ನನ್ನನ್ನು ತಿರುವಿ ಮಡಿಲಲ್ಲಿಟ್ಟುಕೊಂಡಳು. ಕೇರಿಯಲ್ಲಿ ಪ್ರತಿ ಮನೆಗೂ ಒಂದು ಗುರುತಿದೆ. ಬಲೆಯನ್ನು ತೇಲಿಸುವ ಮರದ ಬೆಂಡುಗಳ ಮೇಲೆ ಅದನ್ನು ಕೆತ್ತುತ್ತಾರೆ, ತೇಲಿಹೋದ ಬಲೆ ಯಾರದೆಂದು ತಿಳಿಯಲು. ಓದು ಬಾರದ ಕೇರಿಗೆ ಅದೇ ಸಹಿ. ಆ ಹನ್ನೆರಡು ಮನೆಗಳ ಗುರುತನ್ನು ಅವಳು ನನ್ನ ಬೆನ್ನಿನ ಮೇಲೆ ಒಂದೊಂದಾಗಿ ಹೊಲಿದಳು. ಸೂಜಿ ಚುಚ್ಚಿದಾಗಲೆಲ್ಲ ಹಲ್ಲು ಕಚ್ಚಿ ಒಂದೊಂದು ಹೆಸರು ಹೇಳುತ್ತಿದ್ದಳು. ನೋವಾಯಿತಾ ಎಂದು ಕೇಳಬೇಡಿ. ಹನ್ನೊಂದು ಅಣ್ಣಂದಿರನ್ನು ಹೊತ್ತುಕೊಳ್ಳುವಾಗ ನೋವಿನ ಮಾತು ಎಲ್ಲಿಂದ ಬರಬೇಕು?

ಅಲ್ಲಿಂದ ಮುಂದೆ ನನ್ನದು ಪೆಟ್ಟಿಗೆಯ ಬಾಳು. ವರ್ಷಕ್ಕೊಮ್ಮೆ, ಮಳೆಗಾಲ ಕಳೆದು ದೋಣಿ ಇಳಿಸುವ ದಿನ, ಹಮ್ಮು ನನ್ನನ್ನು ಕಟ್ಟಿಕೊಂಡು ದಡಕ್ಕೆ ಹೋಗುತ್ತಿದ್ದ. ಮೂರು ಬೆರಳಲ್ಲಿ ಗಂಟು ಹಾಕುವುದನ್ನು ಅವನು ಹೊಸದಾಗಿ ಕಲಿತಿದ್ದ. ಹಳೆಯದಕ್ಕಿಂತ ಗಟ್ಟಿ ಗಂಟು. ಒಮ್ಮೆ ಶಾಲೆಯ ಹೆಡ್‌ಮಾಸ್ತರರು ಆಗಸ್ಟ್ ಹದಿನೈದರ ನಾಟಕಕ್ಕೆಂದು ನನ್ನನ್ನು ಎರವಲು ಒಯ್ದರು. ಪುಸ್ತಕದ ಚಿತ್ರದೊಂದಿಗೆ ಹೋಲಿಸಿ ನೋಡಿ, “ಛೆ, ಹಗ್ಗ ಬಿಟ್ಟುಹೋಗಿದೆ” ಎಂದು ಸೀಮೆಸುಣ್ಣದಲ್ಲಿ ಎರಡು ಸುತ್ತು ಬರೆದೇಬಿಟ್ಟರು. ಓದಿದವರ ಕೈಗೆ ಸಿಕ್ಕರೆ ಹೀಗೆಯೇ. ಪದ್ದಕ್ಕ ಅಂಟುವಾಳದ ನೊರೆಯಲ್ಲಿ ನನ್ನನ್ನು ತಿಕ್ಕಿ ತೊಳೆದಳು, ಮಾಸ್ತರರನ್ನು ನೀರಿಲ್ಲದೆಯೇ ತೊಳೆದಳು.

ಜಟ್ಟಿ ಹೋದ, ಬೊಮ್ಮು ಹೋದ, ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಹಮ್ಮು ಹೋದದ್ದು ಕೊನೆಗೆ. ಅವನ ಎದೆಯ ಮೇಲೆ ನನ್ನನ್ನಿಟ್ಟು ಕಳಿಸಿಬಿಡೋಣ ಎಂದು ಯಾರೋ ಹೇಳಿದರು. ಪದ್ದಕ್ಕ ಬೇಡವೆಂದಳು. “ಅವ್ರು ಹೋದ್ರು. ಇದ್ರ ಕೆಲ್ಸ ಇನ್ನೂ ಮುಗೀಲಿಲ್ಲ.”

ಆ ಕೆಲಸ ಬಾಗಿಲು ಬಡಿದು ಬಂದದ್ದು ಯುದ್ಧಕ್ಕೆ ಐವತ್ತು ವರ್ಷ ತುಂಬಿದಾಗ. ಜೀಪಿನಿಂದ ಮೊದಲು ಇಳಿದದ್ದು ಒಂದು ಊರುಗೋಲು, ಅದರ ಹಿಂದೆ ಎಂಬತ್ತೆರಡರ ಬಸಲಿಂಗಪ್ಪ ಮೇಟಿ. ಜೊತೆಗೆ ಜಿಲ್ಲೆಯಲ್ಲಿ ಹೊಸದಾಗಿ ತೆರೆಯುತ್ತಿದ್ದ ಒಂದು ಯುದ್ಧಸ್ಮಾರಕದ ಅಧಿಕಾರಿ ದೀಕ್ಷಿತ, ಕೈಯಲ್ಲಿ ಕಡತ.

ಪದ್ದಕ್ಕನಿಗೆ ಆಗ ಎಪ್ಪತ್ತೆಂಟು, ಎರಡೂ ಕಣ್ಣಿಗೆ ಪೊರೆ. ದನಿಯಿಂದಲೇ ಗುರುತು ಹಿಡಿದಳು.

“ಮೇಟಿಯೋರಾ? ಇನ್ನೂ ಬದ್ಕಿದ್ರಾ?”

“ಅದೀನ್ರಿ ಅಕ್ಕಾರ. ಹನ್ನೊಂದು ಸುಟ್ಟ ಪಾಪ ಐತಲ್ಲ, ಅಷ್ಟು ಲಗೂ ಸಾಯಾಕ ಬಿಡವಲ್ದು. ಹನ್ನೆರಡನೇದು ಉಳದೈತಿ ಅಂತ ಇವ್ರಿಗೆ ನಾನs ಹೇಳೀನಿ.”

ದೀಕ್ಷಿತ ನನ್ನನ್ನು ಕೈಗೆ ತೆಗೆದುಕೊಂಡು ಸಂತೋಷಪಟ್ಟ. ಗಾಜಿನ ಪೆಟ್ಟಿಗೆಯಲ್ಲಿ ನನ್ನ ಪಕ್ಕ ಇಡುವ ಚೀಟಿಯನ್ನು ಮೊದಲೇ ಬರೆದು ತಂದಿದ್ದ. ಗಟ್ಟಿಯಾಗಿ ಓದಿದ: “ಬಂದರು ಕಾವಲು ತೋಳುಪಟ್ಟಿ, ಸ್ಥಳೀಯ ತಯಾರಿಕೆ. ನಿಯಮಬಾಹಿರ. ಕಸೂತಿಯಲ್ಲಿ ದೋಷವಿದೆ. ಧರಿಸಿದವರ ವಿವರ ಲಭ್ಯವಿಲ್ಲ.”

ಪದ್ದಕ್ಕ ಕೈ ಚಾಚಿದಳು. “ಕೊಡಿ ಇಲ್ಲಿ.” ನನ್ನನ್ನು ಕಿತ್ತುಕೊಂಡು ಮಡಿಲಿಗೆ ಹಾಕಿಕೊಂಡಳು. “ನಿಯಮಬಾಹಿರ ಅಂತ ಬರೀರಿ, ಅಡ್ಡಿ ಇಲ್ಲ. ದೋಷ ಅನ್ನೂದು ತೆಗೀರಿ. ಚಿತ್ರದ ತಪ್ಪು ತಿದ್ದಿದಾರೆ ಅಂತ ಬರೀರಿ. ಮತ್ತೆ ಕೆಳಗೆ ಹನ್ನೆರಡು ಹೆಸ್ರು. ಇಲ್ದಿದ್ರೆ ಇದು ನನ್ನ ಸಂಗ್ತಿಗೇ ಸುಡ್ಲಿ.”

“ಅಜ್ಜಿ, ದಾಖಲೆಯಿಲ್ಲದೆ ಹೆಸರು ಹಾಕೋಕ್ಕಾಗಲ್ಲ” ಎಂದ ದೀಕ್ಷಿತ. ಮಾತು ಮೆತ್ತಗಿತ್ತು. “ದಾಖಲೆ ಪ್ರಕಾರ ಈ ಪಟ್ಟಿಯೇ ಸಮುದ್ರದಲ್ಲಿ ಕಳೆದುಹೋಗಿದೆ. ಇಲ್ನೋಡಿ, ವರದಿ, ಸಹಿ.”

“ಆ ಸಹಿ ನಂದು” ಎಂದ ಮೇಟಿ. “ಅದು ಸುಳ್ಳು. ಲಾಡಿ ನೋಡಿದ್ದೆ, ಆದ್ರೂ ಬರದೆ. ಹನ್ನೆರಡು ಮಂದೀನೂ ನಾ ಕಣ್ಣಾರೆ ನೋಡೀನಿ. ಅವ್ರು ಎಳೀಲಿಲ್ಲಂದ್ರ ನಾ ಅವತ್ತs ಮೀನಿನ ಹೊಟ್ಯಾಗ ಇರತಿದ್ದೆ. ದಾಖಲೆ ಬೇಕಲ್ಲ? ಕಾಗದ ಕೊಡ್ರಿ, ಬರದು ಕೊಡತೇನಿ.”

“ಸುಳ್ಳು ವರದಿ ಕೊಟ್ಟೆ ಅಂತ ಬರೆದುಕೊಟ್ಟರೆ ನಿಮ್ಮ ಸೇವೆಯ ಹೆಸರಿಗೆ ಕಪ್ಪುಚುಕ್ಕೆ ಸರ್. ಈ ವಯಸ್ಸಲ್ಲಿ ಯಾಕೆ?”

“ಈ ವಯಸ್ಸಿನಾಗಲ್ದs ಇನ್ನ ಯಾವಾಗಪಾ?”

ಮೇಟಿ ಜಗಲಿಯ ಮೇಲೆ ಕೂತು, ಊರುಗೋಲನ್ನು ತೊಡೆಗಡ್ಡ ಇಟ್ಟುಕೊಂಡು, ಒಂದು ಪುಟ ಬರೆದು ಸಹಿ ಹಾಕಿದ. ದೀಕ್ಷಿತ ಆ ಪುಟವನ್ನು ಓದಿ ಕಡತದೊಳಗಿಟ್ಟ. ಆಮೇಲೆ ತನ್ನ ಚೀಟಿಯನ್ನು ಹರಿದು, ಹೊಸ ಹಾಳೆ ತೆಗೆದು, “ಹೆಸರು ಹೇಳಿ ಅಜ್ಜಿ” ಅಂದ.

ಪದ್ದಕ್ಕ ನನ್ನನ್ನು ಬೋರಲಾಗಿಸಿದಳು. ಅವಳಿಗೆ ಕಾಣುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವಳ ಬೆರಳು ನನ್ನ ಬೆನ್ನಿನ ಉಬ್ಬಿದ ದಾರದ ಮೇಲೆ ಹರಿಯಿತು.

“ಮೂರು ಗೀರು, ಜಟ್ಟಿ. ಮೀನಿನ ಮುಳ್ಳು, ಬೊಮ್ಮು. ಅರ್ಧ ಚಂದ್ರ, ಕುಸ್ಲು. ಇದು ಕೊಕ್ಕೆ, ಗಣಪು. ಎರಡು ಚುಕ್ಕಿ ಸಣ್ಣ ರಾಮ, ನಾಲ್ಕು ಚುಕ್ಕಿ ದೊಡ್ಡ ರಾಮ, ಇಬ್ರೂ ಜಗಳಗಂಟ್ರು. ಈರ. ಸೋಮ. ಮಂಕಾಳಿ, ಇವ್ನ ಗುರ್ತು ಹೊಲಿಯೂಕೆ ಇಡೀ ಮಧ್ಯಾಹ್ನ ಬೇಕಾಯ್ತು. ಲಕ್ಕು. ತಿಮ್ಮ.” ಬೆರಳು ಕೊನೆಯ ಗುರುತಿನ ಮೇಲೆ ನಿಂತಿತು. “ಹಮ್ಮು” ಎಂದಳು, ಮತ್ತೊಮ್ಮೆ “ಹಮ್ಮು” ಎಂದಳು. ದೀಕ್ಷಿತ ಆ ಹೆಸರನ್ನು ಒಂದೇ ಸಲ ಬರೆದುಕೊಂಡ.

ಮೇಟಿ ಬಗ್ಗಿ ನನ್ನ ಬೆನ್ನನ್ನು ಹತ್ತಿರದಿಂದ ನೋಡಿದ. “ಎಲ್ಲಾರದೂ ಐತಿ. ನಿಮ್ಮ ಗುರುತು ಎಲ್ಲೈತ್ರಿ ಅಕ್ಕಾರ?”

ಪದ್ದಕ್ಕ ನನ್ನನ್ನು ಮಗುಚಿ ಅಂಗಾತ ಹಾಕಿ, ಲಂಗರಿನ ಮೇಲೆ ಅಂಗೈಯಿಟ್ಟಳು.

“ಈ ಬದಿ ಇಡೀ ನಂದೇ ಅಲ್ದಾ?”

ಈಗ ನಾನು ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಬೆನ್ನಿಗೆ ಕನ್ನಡಿ ಇಟ್ಟಿದ್ದಾರೆ, ಹನ್ನೆರಡು ಗುರುತೂ ಕಾಣುತ್ತವೆ. ಚೀಟಿಯಲ್ಲಿ ಹದಿಮೂರು ಹೆಸರುಗಳಿವೆ. ಟೊಪ್ಪಿಗೆಯ ಮೇಲೆ ಹಗ್ಗ ಸುತ್ತಿದ ಲಂಗರು ಹೊತ್ತ ಎಳೆಯ ಅಧಿಕಾರಿಗಳು ಬರುತ್ತಾರೆ, ನನ್ನನ್ನು ನೋಡುತ್ತಾರೆ, ನಗುತ್ತಾರೆ, ಆಮೇಲೆ ಚೀಟಿ ಓದುತ್ತಾರೆ. ಕೆಲವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ನನಗೆ ಬಣ್ಣ ಹೋಗಿದೆ, ನುಸಿ ಒಂದು ಅಂಚು ತಿಂದಿದೆ, ಕಂದೀಲಂತೂ ಮೊದಲೇ ಬಡಕಲು. ಗಂಟು ಮಾತ್ರ ಸಡಿಲವಾಗಿಲ್ಲ. ನಿಯಮ ಬೇಕಾದರೆ ಬದಲಾಗಲಿ, ನಾನು ಹಗ್ಗ ಸುತ್ತಿಕೊಳ್ಳುವುದಿಲ್ಲ.